ಯೋಗ ಶಿಬಿರಕ್ಕೆ ಯಾವ ದೇಶ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತಳಾದವಳು, ನನ್ನ ತಂಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಬರುವ ಜನವರಿಯಲ್ಲಿ ಇಬ್ಬರೂ ಸೇರಿ ಹತ್ತು ದಿನ ವಿದೇಶದ ಯಾವುದಾದರೂ ಯೋಗ ಶಿಬಿರಕ್ಕೆ ಹೋಗಿಬರಬೇಕೆಂದಿದ್ದೇವೆ. ಟ್ರಾವೆಲ್ ಏಜೆಂಟರು ಇಂಡೊನೇಷ್ಯಾದ ಬಾಲಿ, ಥಾಯ್ಲೆಂಡ್ ಮತ್ತು ಶ್ರೀಲಂಕಾಗಳನ್ನು ಮುಂದಿಟ್ಟಿದ್ದಾರೆ. ಮೂರರ ಫೋಟೊಗಳೂ ಒಂದೇ ಥರ ಕಾಣುತ್ತವೆ. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ನನಗೆ ಬಿ.ಪಿ. ಇದೆ, ತಂಗಿಗೆ ಮೊಣಕಾಲು ನೋವು. ಯಾವ ದೇಶ ನಮಗೆ ಸರಿಹೊಂದುತ್ತದೆ?
— ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಆಗಲೇ ನಿಶ್ಚಯವಾಗಿವೆ: ತಿಂಗಳು ಜನವರಿ, ಅವಧಿ ಹತ್ತು ದಿನ, ಊಟ ಕಟ್ಟುನಿಟ್ಟಿನ ಸಸ್ಯಾಹಾರ. ದೇಶವನ್ನು ಆರಿಸಿಕೊಡಬೇಕಾದವು ಇವೇ ಹೊರತು ಫೋಟೊಗಳಲ್ಲ. ಈ ಮೂರನ್ನೂ ಮುಂದಿಟ್ಟುಕೊಂಡು ನೋಡಿದರೆ ನನ್ನ ಸಲಹೆ ಶ್ರೀಲಂಕಾದ ದಕ್ಷಿಣ ಕರಾವಳಿ. ಕಾರಣಗಳನ್ನು ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಜನವರಿಯ ಬದಲು ಜುಲೈಯಲ್ಲಿ ಹೊರಟಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು.

ಮೊದಲು ಮಳೆಯ ಮಾತು. ಬಾಲಿಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಮಳೆಗಾಲ. ಯೋಗ ಕೇಂದ್ರಗಳು ಹೆಚ್ಚಾಗಿರುವ ಉಬುದ್ ಪಟ್ಟಣ ದ್ವೀಪದ ಒಳಭಾಗದಲ್ಲಿ, ಬೆಟ್ಟದ ಸೆರಗಿನಲ್ಲಿರುವುದರಿಂದ ಅಲ್ಲಿ ಮಳೆ ಇನ್ನೂ ಜೋರು. ಥಾಯ್ಲೆಂಡಿನ ಕೊ ಫಂಗಾನ್ ದ್ವೀಪದಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಭಾರೀ ಮಳೆಯಿರುತ್ತದೆ. ಜನವರಿಯ ಹೊತ್ತಿಗೆ ಅದು ಇಳಿಮುಖವಾದರೂ ಸಮುದ್ರ ಪೂರ್ತಿ ಶಾಂತವಾಗಿರುವುದಿಲ್ಲ. ಅದೇ ದೇಶದ ಉತ್ತರದ ಚಿಯಾಂಗ್ ಮಾಯ್ ಜನವರಿಯಲ್ಲಿ ತಂಪಾಗಿ ಹಿತವಾಗಿರುತ್ತದೆ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ ಮತ್ತು ಕಾಡು ಸುಡುವ ಹೊಗೆ ಕಣಿವೆಯಲ್ಲಿ ಕಟ್ಟಿಕೊಳ್ಳುವುದರಿಂದ, ಪ್ರಾಣಾಯಾಮಕ್ಕೆಂದು ಹೋಗುವವರು ಆ ತಿಂಗಳುಗಳಲ್ಲಿ ಅತ್ತ ಹೋಗಲೇಬಾರದು. ಶ್ರೀಲಂಕಾದಲ್ಲಿ ಎರಡು ಮಳೆಗಾಲಗಳು ಎರಡು ಬದಿಗೆ ಹಂಚಿಹೋಗಿವೆ: ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ದಕ್ಷಿಣ ಮತ್ತು ಪಶ್ಚಿಮ ತೀರಗಳನ್ನು ತೋಯಿಸುವಾಗ ಪೂರ್ವದ ತ್ರಿಂಕೋಮಲಿ, ಅರುಗಮ್ ಕೊಲ್ಲಿ ಒಣಗಿರುತ್ತವೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಗಾಲೆ, ಉನವಟುನ, ವೆಲಿಗಾಮ, ಮಿರಿಸ್ಸದ ಕಡೆ ಒಳ್ಳೆಯ ಬಿಸಿಲು, ಪೂರ್ವದಲ್ಲಿ ಮಳೆ. ಆದ್ದರಿಂದ ಏಜೆಂಟರು ಬರೀ ಶ್ರೀಲಂಕಾ ಎಂದರೆ ಸಾಲದು, ಯಾವ ತೀರ ಎಂದು ಕೇಳಿ ಬರೆಸಿಕೊಳ್ಳಿ.

ಇನ್ನು ಹತ್ತು ದಿನಗಳ ಲೆಕ್ಕ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ ಸಾಕು, ಅಲ್ಲಿಂದ ದಕ್ಷಿಣದ ಹೆದ್ದಾರಿಯಲ್ಲಿ ಕಾರಿನಲ್ಲಿ ಹೋದರೆ ಅದೇ ದಿನ ಶಿಬಿರ ತಲುಪುತ್ತೀರಿ. ಕೈಗಡಿಯಾರವನ್ನೂ ತಿರುಗಿಸಬೇಕಾಗಿಲ್ಲ, ಎರಡೂ ದೇಶಗಳ ಸಮಯ ಒಂದೇ. ಬಾಲಿಗೆ ಬೆಂಗಳೂರಿನಿಂದ ನೇರ ವಿಮಾನವಿದ್ದರೂ ಪ್ರಯಾಣ ಸುಮಾರು ಏಳು ಗಂಟೆಯದು, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಬೆಳಗಿನ ಆರೂವರೆಯ ತರಗತಿ ನಿಮ್ಮ ದೇಹಕ್ಕೆ ನಸುಕಿನ ನಾಲ್ಕು ಗಂಟೆಯದ್ದು. ಇಪ್ಪತ್ತರ ಹರೆಯದವರಿಗೆ ಇದು ಏನೂ ಅಲ್ಲ, ಬಿ.ಪಿ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವವರಿಗೆ ಮೊದಲ ಎರಡು ದಿನ ಇದು ಖಂಡಿತ ತಿಳಿಯುತ್ತದೆ. ಕೊ ಫಂಗಾನಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಬ್ಯಾಂಕಾಕಿಗೆ ಹೋಗಿ, ಅಲ್ಲಿಂದ ಕೊ ಸಮೂಯಿಗೆ ಇನ್ನೊಂದು ವಿಮಾನ ಹಿಡಿದು, ಆಮೇಲೆ ದೋಣಿ ಹತ್ತಬೇಕು. ಹೋಗಿಬರುವುದರಲ್ಲೇ ನಿಮ್ಮ ಹತ್ತರಲ್ಲಿ ಎರಡು ಮೂರು ದಿನ ಕಳೆದಂತೆಯೇ.

ಊಟದ ವಿಚಾರದಲ್ಲಿ ಮೂರೂ ದೇಶಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ ಮೂರರಲ್ಲೂ ಕಣ್ಣಿಗೆ ಕಾಣದ ಮೀನು ಸಿಗಡಿ ಇರುತ್ತದೆ. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸ ಮಾಡುವುದು ನಾಮ್ ಪ್ಲಾ ಎಂಬ ಮೀನಿನ ರಸ. ಅಲ್ಲಿ ನೀವು ಹೇಳಬೇಕಾದ ಮಾತು ‘ಜೇ’. ಹಳದಿ ಬಾವುಟದಲ್ಲಿ ಕೆಂಪಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಗಳಲ್ಲಿ ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬಾಲಿಯ ಚಟ್ನಿಯಂಥ ಸಂಬಲ್‌ಗೆ ತೆರಾಸಿ ಎಂಬ ಸಿಗಡಿ ಮುದ್ದೆಯನ್ನು ಅರೆದಿರುತ್ತಾರೆ. ಶ್ರೀಲಂಕಾದಲ್ಲಿ ಎಚ್ಚರ ವಹಿಸಬೇಕಾದುದು ಪೊಲ್ ಸಂಬೋಲದ ವಿಷಯದಲ್ಲಿ: ತೆಂಗಿನ ತುರಿ, ಒಣಮೆಣಸು, ಈರುಳ್ಳಿ, ನಿಂಬೆರಸ ಸೇರಿದ ಈ ಕೆಂಪು ಚಟ್ನಿ ನೋಡಲು ನಮ್ಮದೇ ಅನ್ನಿಸುತ್ತದೆ, ಆದರೆ ಉಂಬಲಕಡ ಎಂಬ ಒಣಮೀನಿನ ಪುಡಿಯನ್ನು ಅದರಲ್ಲಿ ಕುಟ್ಟಿ ಬೆರೆಸುವುದು ಅಲ್ಲಿನ ವಾಡಿಕೆ. ಉಂಬಲಕಡ ಬೇಡ ಎಂದು ಮೊದಲೇ ಬರೆದು ತಿಳಿಸಿದರೆ ಶಿಬಿರದವರು ಬೇರೆ ಮಾಡಿಕೊಡುತ್ತಾರೆ. ಅದೊಂದನ್ನು ಬಿಟ್ಟರೆ ಆ ತಟ್ಟೆ ನಿಮಗೆ ಹೊಸದಾಗಿ ಕಾಣುವುದಿಲ್ಲ: ಕೆಂಪಕ್ಕಿ ಅನ್ನ, ತೆಂಗಿನ ಹಾಲು ಹಾಕಿದ ಬೇಳೆ, ಎಳೆ ಹಲಸಿನಕಾಯಿಯ ಪಲ್ಯ, ಹಾಗೂ ಗೊಟುಕೊಳ ಎಂದು ಅವರು ಕರೆಯುವ ಸೊಪ್ಪು. ಆ ಸೊಪ್ಪು ಬೇರೇನಲ್ಲ, ನಾವು ತಂಬುಳಿ ಮಾಡುವ ಒಂದೆಲಗ. ಹತ್ತು ದಿನ ಹೊಟ್ಟೆ ಸರಿಯಿದ್ದರೆ ಮಾತ್ರ ಆಸನವೂ ಸರಿಯಾಗಿ ನಡೆಯುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ, ಹಾಗಾಗಿ ಊಟಕ್ಕೆ ಇಷ್ಟು ಜಾಗ ಕೊಟ್ಟೆ.

ಆದರೆ ದೇಶ ಗೊತ್ತಾದ ಮಾತ್ರಕ್ಕೆ ಮುಂಗಡ ಕಟ್ಟಬೇಡಿ. ನಿಜವಾದ ಆಯ್ಕೆ ಶುರುವಾಗುವುದು ಶಿಬಿರದ ದಿನಚರಿಯನ್ನು ಕೈಗೆ ತೆಗೆದುಕೊಂಡಾಗ. ಏಳು ರಾತ್ರಿಯ ಒಂದು ಶಿಬಿರವೆಂದರೆ ಸಾಮಾನ್ಯವಾಗಿ ಎಂಟು ದಿನ ಎಂದು ಬರೆದಿರುತ್ತಾರೆ. ಮೊದಲ ದಿನ ಮಧ್ಯಾಹ್ನ ಆಗಮನ ಮತ್ತು ಸಂಜೆ ಪರಿಚಯ, ಕೊನೆಯ ದಿನ ತಿಂಡಿಯ ನಂತರ ನಿರ್ಗಮನ; ಉಳಿದ ಆರರಲ್ಲಿ ಒಂದು ದಿನ ಸಫಾರಿಗೋ ದೇವಸ್ಥಾನಕ್ಕೋ ಹೋಗುತ್ತದೆ. ಐದು ದಿನ, ದಿನಕ್ಕೆ ಒಂದೂವರೆ ಗಂಟೆಯ ಎರಡು ತರಗತಿ ಎಂದರೆ ಹದಿನೈದು ಗಂಟೆಯ ಯೋಗ. ಸಂಜೆಯ ತರಗತಿ ಐಚ್ಛಿಕ ಎಂದಿದ್ದರೆ ಅದು ಏಳೂವರೆ ಗಂಟೆಗೂ ಇಳಿಯಬಹುದು. ಹೆಚ್ಚು ಗಂಟೆಗಳಿದ್ದರೆ ಶಿಬಿರ ಉತ್ತಮವೆಂದು ನಾನು ಹೇಳುತ್ತಿಲ್ಲ. ನೀವು ಕೊಡುವ ಹಣದಲ್ಲಿ ಯೋಗಕ್ಕೆಷ್ಟು, ಕೋಣೆಗೆಷ್ಟು, ಮಸಾಜಿಗೆಷ್ಟು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಪಾಠ ಮಾಡುವವರ ಹೆಸರನ್ನು ಕೇಳಿ. ಆ ವಾರ ಯಾರು ಬರುತ್ತಾರೆಂದು ಹೇಳಲಾರದ ಶಿಬಿರ ಎಷ್ಟೇ ಚೆಂದವಿದ್ದರೂ ನಿಮ್ಮಂಥವರಿಗಲ್ಲ.

ಏಕೆಂದರೆ ನಿಮ್ಮಿಬ್ಬರ ದೇಹಕ್ಕೂ ತಿಳಿದವರ ಕಣ್ಣು ಬೇಕು. ಬಿ.ಪಿ. ಇರುವವರು ಶೀರ್ಷಾಸನದಂಥ ತಲೆಕೆಳಗಾದ ಆಸನಗಳನ್ನೂ ಉಸಿರು ಬಿಗಿಹಿಡಿಯುವ ಕುಂಭಕವನ್ನೂ ವೈದ್ಯರ ಒಪ್ಪಿಗೆಯಿಲ್ಲದೆ ಮಾಡಬಾರದು. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡವೂ ಏರುವುದರಿಂದ ಗ್ಲಾಕೋಮಾ ಇದೆಯೇ ಎಂದು ಹೊರಡುವ ಮೊದಲು ಪರೀಕ್ಷೆ ಮಾಡಿಸಿಕೊಳ್ಳುವುದೂ ಒಳಿತು. ನಿಮ್ಮ ತಂಗಿಯವರು ಪದ್ಮಾಸನ, ವಜ್ರಾಸನಗಳಂಥ ಮೊಣಕಾಲನ್ನು ಪೂರ್ತಿ ಮಡಿಸುವ ಆಸನಗಳಿಂದ ದೂರವಿರಲಿ. ಪ್ರವಾಸಿ ಊರುಗಳಲ್ಲಿ ಹೆಚ್ಚು ನಡೆಯುವುದು ವಿನ್ಯಾಸ ಫ್ಲೋ, ಅಂದರೆ ಒಂದರ ಬೆನ್ನಿಗೆ ಇನ್ನೊಂದು ಆಸನ ವೇಗವಾಗಿ ಸಾಗುವ ಪದ್ಧತಿ. ಅದಕ್ಕಿಂತ ಕುರ್ಚಿ, ಪಟ್ಟಿ, ದಿಂಬುಗಳ ಆಸರೆಯಲ್ಲಿ ನಿಧಾನವಾಗಿ ಕಲಿಸುವ ಅಯ್ಯಂಗಾರ್ ಪದ್ಧತಿ ನಿಮಗೆ ಹೊಂದುತ್ತದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಪುಣೆಯಲ್ಲಿ ರೂಪಿಸಿದ ಆ ಪದ್ಧತಿಯ ಪ್ರಮಾಣಿತ ಶಿಕ್ಷಕರು ಇಂದು ಎಷ್ಟೋ ದೇಶಗಳಲ್ಲಿದ್ದಾರೆ, ಶಿಬಿರದವರನ್ನು ಹಾಗೆಂದೇ ವಿಚಾರಿಸಿ.

ಹಣದ ವಿಚಾರದಲ್ಲಿ ಒಂದೇ ಮಾತು. ವಿದೇಶ ಪ್ರವಾಸದ ಪ್ಯಾಕೇಜನ್ನು ಏಜೆಂಟರಿಂದ ಕೊಂಡರೆ ಟಿ.ಸಿ.ಎಸ್. ಎಂದು ಒಂದಷ್ಟು ಮೊತ್ತವನ್ನು ಹಿಡಿಯುತ್ತಾರೆ. ಅದು ನಿಮ್ಮ ಆದಾಯ ತೆರಿಗೆಯ ಖಾತೆಗೆ ಜಮೆಯಾಗುವ ಹಣ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಲು ಮರೆಯಬೇಡಿ. ಶ್ರೀಲಂಕಾಕ್ಕೆ ಹೊರಡುವ ಮುನ್ನ ಇ.ಟಿ.ಎ. ಎಂಬ ಪ್ರಯಾಣ ಅನುಮತಿಯನ್ನು ಆನ್‌ಲೈನಿನಲ್ಲಿ ಪಡೆಯಬೇಕು, ಅದನ್ನು ಸರ್ಕಾರದ ಜಾಲತಾಣದಲ್ಲೇ ಮಾಡಿಕೊಳ್ಳಿ.

ಮೊಣಕಾಲು ನೋವಿಗೆ ಪರಿಹಾರ ಕಾಣುವುದೇ ಮುಖ್ಯ ಉದ್ದೇಶವಾಗಿದ್ದರೆ ಮಾತ್ರ ಈ ಮೂರೂ ದೇಶಗಳನ್ನು ಬದಿಗಿಡಿ. ಬೆಂಗಳೂರಿನ ಬಳಿ ಜಿಗಣಿಯ ಪ್ರಶಾಂತಿ ಕುಟೀರದ ಆರೋಗ್ಯಧಾಮದಲ್ಲಿ, ಧರ್ಮಸ್ಥಳದ ಶಾಂತಿವನದಲ್ಲಿ ವೈದ್ಯರು ನೋಡಿ, ಆಮೇಲೆ ಯೋಗ ಮಾಡಿಸುತ್ತಾರೆ. ಪ್ರವಾಸದ ಶಿಬಿರಗಳಲ್ಲಿ ಅಂಥ ವ್ಯವಸ್ಥೆ ಅಪರೂಪ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಉದ್ಯೋಗಿ, ವಯಸ್ಸು 31. ಎರಡು ವರ್ಷದಿಂದ ಯೋಗಾಭ್ಯಾಸ ಮಾಡುತ್ತಿದ್ದೇನೆ. ರಜೆಯಲ್ಲಿ 200 ಗಂಟೆಗಳ ಶಿಕ್ಷಕ ತರಬೇತಿಯನ್ನು ಬಾಲಿಯಲ್ಲಿ ಮಾಡಲೇ, ಋಷಿಕೇಶದಲ್ಲಿ ಮಾಡಲೇ? ಬಾಲಿಯ ಪ್ರಮಾಣಪತ್ರಕ್ಕೆ ಅಂತರರಾಷ್ಟ್ರೀಯ ಮಾನ್ಯತೆಯಿದೆ ಎನ್ನುತ್ತಾರೆ.
— ಓದುಗರು, ಬೆಂಗಳೂರು

ಉತ್ತರ: ಆ ಮಾನ್ಯತೆಯ ಮಾತನ್ನು ಮೊದಲು ಬಿಡಿಸಿ ನೋಡೋಣ. ಜಾಹೀರಾತುಗಳಲ್ಲಿ ಕಾಣುವ ಯೋಗ ಅಲಯನ್ಸ್ ಎಂಬುದು ಅಮೆರಿಕದ ಒಂದು ಲಾಭರಹಿತ ಸಂಸ್ಥೆ. ಅದು ಯೋಗ ಶಾಲೆಗಳನ್ನೂ ಶಿಕ್ಷಕರನ್ನೂ ತನ್ನ ಪಟ್ಟಿಯಲ್ಲಿ ನೋಂದಾಯಿಸಿಕೊಳ್ಳುತ್ತದೆ. ಯಾವ ಸರ್ಕಾರದ ಪರವಾನಗಿಯೂ ಅದಲ್ಲ. ಋಷಿಕೇಶದ ಬಹಳಷ್ಟು ಶಾಲೆಗಳೂ ಅದೇ ಪಟ್ಟಿಯಲ್ಲಿರುವುದರಿಂದ ಆ ಕಾಗದದ ಮಟ್ಟಿಗೆ ಬಾಲಿಗೂ ಋಷಿಕೇಶಕ್ಕೂ ಭೇದವಿಲ್ಲ. ಭಾರತದಲ್ಲಿ ಆಯುಷ್ ಸಚಿವಾಲಯದ ಅಡಿಯ ಯೋಗ ಸರ್ಟಿಫಿಕೇಷನ್ ಬೋರ್ಡ್ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಇಲ್ಲೇ ಪಾಠ ಹೇಳಬೇಕೆಂದಿದ್ದರೆ ಅದರ ಪಠ್ಯಕ್ರಮವನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು.

200 ಗಂಟೆಗಳನ್ನು 22 ದಿನಗಳಲ್ಲಿ ಮುಗಿಸುವುದೆಂದರೆ ಬಿಡುವಿಲ್ಲದೆ ದಿನಕ್ಕೆ ಒಂಬತ್ತು ಗಂಟೆ. ಅದನ್ನು ರಜೆಯೆಂದು ತಿಳಿದು ಹೋದವರು ಎರಡನೆಯ ವಾರಕ್ಕೆ ದಣಿಯುತ್ತಾರೆ, ಭುಜ ಮತ್ತು ಸೊಂಟದ ನೋವು ಕಟ್ಟಿಕೊಂಡು ಬರುವುದೂ ಉಂಟು. ಬಾಲಿಯಲ್ಲಿ ನಮ್ಮವರಿಗೆ ಆಗಮನದ ವೇಳೆ ಸಿಗುವ ವೀಸಾ 30 ದಿನದ್ದು, ಒಮ್ಮೆ ಮಾತ್ರ ಇನ್ನೂ 30 ದಿನ ವಿಸ್ತರಿಸಬಹುದು. ಕಲಿತ ಮೇಲೆ ಅಲ್ಲೇ ಕೆಲವು ತರಗತಿ ತೆಗೆದುಕೊಳ್ಳಬಹುದೆಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ಪ್ರವಾಸಿ ವೀಸಾದ ಮೇಲೆ ಪಾಠ ಹೇಳುವುದು ಅಪರಾಧ, ಸಂಬಳ ಪಡೆಯದಿದ್ದರೂ ತೊಂದರೆ ತಪ್ಪುವುದಿಲ್ಲ.

ಎರಡರಲ್ಲಿ ಒಂದನ್ನೇ ಹೇಳಬೇಕೆಂದರೆ ಋಷಿಕೇಶ. ಆದರೆ ನನ್ನ ಮನಸ್ಸಿನಲ್ಲಿರುವ ಊರು ಅದೂ ಅಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮ ಸಂಸ್ಥೆಯನ್ನು ಕಟ್ಟಿದರು. ಬಾಲಿಯ ಶಾಲೆಗಳ ಫಲಕದ ಮೇಲೆ ‘ಮೈಸೂರು ಸ್ಟೈಲ್’ ಎಂದು ಬರೆದಿರುವುದು ಈ ಪರಂಪರೆಯ ಅಭ್ಯಾಸವನ್ನೇ: ಒಂದೇ ಕೋಣೆಯಲ್ಲಿ ಒಬ್ಬೊಬ್ಬರೂ ತಮಗೆ ಕೊಟ್ಟ ಆಸನಗಳನ್ನು ತಮ್ಮ ಉಸಿರಿನ ಲಯದಲ್ಲಿ ಮಾಡುತ್ತಿರುತ್ತಾರೆ, ಗುರುಗಳು ಸುತ್ತಾಡುತ್ತ ಒಬ್ಬರ ಹೆಗಲು ತಿದ್ದಿ, ಇನ್ನೊಬ್ಬರನ್ನು ಮುಂದಿನ ಆಸನಕ್ಕೆ ಹೋಗದಂತೆ ತಡೆದು ನಿಲ್ಲಿಸುತ್ತಾರೆ. ಜಗತ್ತಿನ ನಾನಾ ಮೂಲೆಗಳಿಂದ ಜನ ಮೈಸೂರಿನ ಗೋಕುಲಂ ಬಡಾವಣೆಗೆ ಬಂದು ತಿಂಗಳುಗಟ್ಟಲೆ ಬಾಡಿಗೆಗಿದ್ದು ಕಲಿಯುತ್ತಿರುವಾಗ, ಅಲ್ಲಿಗೆ ಬೆಳಗಿನ ರೈಲಿನಲ್ಲಿ ಹೋಗಬಲ್ಲ ನೀವು ಮೊದಲ ಪಾಠಕ್ಕೆ ಸಮುದ್ರ ದಾಟುವುದು ನನಗೆ ಸರಿ ಕಾಣುವುದಿಲ್ಲ. ಒಂದು ವರ್ಷ ಒಬ್ಬರೇ ಗುರುಗಳ ಬಳಿ ಕಲಿಯಿರಿ. ಪ್ರಮಾಣಪತ್ರ ಆಮೇಲೂ ಸಿಗುತ್ತದೆ.

ಪ್ರಶ್ನೆ: ಯುಗಾದಿಯ ರಜೆಗೆ ಬಾಲಿಯ ಶಿಬಿರಕ್ಕೆ ಹೋಗಬೇಕೆಂದಿದ್ದೇವೆ. ಆ ಸಮಯದಲ್ಲಿ ವಿಮಾನ ನಿಲ್ದಾಣವನ್ನೇ ಮುಚ್ಚುತ್ತಾರೆಂದು ಕೇಳಿದೆವು, ನಿಜವೇ?
— ಓದುಗರು, ಉಡುಪಿ

ಉತ್ತರ: ನಿಜ. ಬಾಲಿಯ ಹಿಂದೂಗಳ ಹೊಸ ವರ್ಷವಾದ ನ್ಯೇಪಿಯ ದಿನ ಬೆಳಗಿನ ಆರರಿಂದ ಮರುದಿನ ಬೆಳಗಿನ ಆರರವರೆಗೆ ವಿಮಾನ ನಿಲ್ದಾಣ, ಅಂಗಡಿ, ರಸ್ತೆ ಎಲ್ಲವೂ ಬಂದ್. ದೀಪ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಪ್ರವಾಸಿಗಳೂ ತಮ್ಮ ವಸತಿಯ ಆವರಣದಿಂದ ಹೊರಗೆ ಹೆಜ್ಜೆಯಿಡುವಂತಿಲ್ಲ. ಪೆಚಲಾಂಗ್ ಎಂಬ ಊರ ಕಾವಲಿನವರು ಬೀದಿಯಲ್ಲಿ ಗಸ್ತು ತಿರುಗುತ್ತಿರುತ್ತಾರೆ. ಅವರೂ ಎಣಿಸುವುದು ಶಕ ವರ್ಷವನ್ನೇ. 2026ರಲ್ಲಿ ನ್ಯೇಪಿಯೂ ಯುಗಾದಿಯೂ ಮಾರ್ಚ್ 19ಕ್ಕೆ ಬಂದು, ಅವರಿಗೂ ನಮಗೂ ಶಕ 1948 ಒಂದೇ ದಿನ ಆರಂಭವಾಗುತ್ತದೆ. ಎಲ್ಲ ವರ್ಷವೂ ಹೀಗಿರುವುದಿಲ್ಲ. ಅಧಿಕ ಮಾಸದ ಲೆಕ್ಕ ಬೇರೆಯಾದಾಗ ಅಂತರ ಬೀಳುತ್ತದೆ, 2024ರಲ್ಲಿ ನ್ಯೇಪಿ ಮಾರ್ಚ್ 11ಕ್ಕೂ ಯುಗಾದಿ ಏಪ್ರಿಲ್ 9ಕ್ಕೂ ಬಂದಿದ್ದವು. ಆದ್ದರಿಂದ ಟಿಕೆಟ್ ಮಾಡಿಸುವ ಮೊದಲು ಆ ವರ್ಷದ ದಿನಾಂಕ ನೋಡಿಕೊಳ್ಳಿ.

ಇದನ್ನು ತಪ್ಪಿಸಿಕೊಳ್ಳುವ ಬದಲು ಇದಕ್ಕೆಂದೇ ಹೋಗಿ ಎನ್ನುವುದು ನನ್ನ ಸಲಹೆ. ಎರಡು ದಿನ ಮೊದಲೇ ತಲುಪಿದರೆ ಹಿಂದಿನ ಸಂಜೆ ಒಗೊ ಒಗೊ ಎಂಬ ದೈತ್ಯ ಬೊಂಬೆಗಳನ್ನು ಹೆಗಲ ಮೇಲೆ ಹೊತ್ತು ಗದ್ದಲದಿಂದ ಮೆರವಣಿಗೆ ಮಾಡುವುದನ್ನು ನೋಡಬಹುದು. ಮೌನವನ್ನೂ ಉಪವಾಸವನ್ನೂ ಇಡೀ ದ್ವೀಪವೇ ಪಾಲಿಸುವ ಮರುದಿನದ ಅನುಭವವನ್ನು ಯಾವ ಶಿಬಿರದವರೂ ತಮ್ಮ ಶಕ್ತಿಯಿಂದ ಏರ್ಪಡಿಸಲಾರರು. ಮಾರ್ಚಿನಲ್ಲಿ ಮಳೆ ಇನ್ನೂ ಪೂರ್ತಿ ನಿಂತಿರುವುದಿಲ್ಲ ಎಂಬುದಷ್ಟೇ ಕೊರತೆ. ಉಬುದಿನ ಕೋತಿಗಳ ಕಾಡಿಗೆ ಹೋದರೆ ಮಕ್ಕಳ ಕೈಯಲ್ಲಿ ತಿಂಡಿ ಕೊಡಬೇಡಿ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ. ಕೋತಿಯಾಗಲಿ ನಾಯಿಯಾಗಲಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಾಕಿ ಚೆನ್ನಾಗಿ ತೊಳೆದು ಅದೇ ದಿನ ಚುಚ್ಚುಮದ್ದು ಶುರುಮಾಡಬೇಕು.

ಪ್ರಶ್ನೆ: ನಾನು ಲಂಡನ್ನಿನಲ್ಲಿ ನೆಲೆಸಿದ್ದೇನೆ. 68 ವರ್ಷದ ನಮ್ಮ ತಾಯಿ ಬೇಸಿಗೆಗೆ ಇಲ್ಲಿಗೆ ಬರುತ್ತಾರೆ. ಆಗಸ್ಟಿನಲ್ಲಿ ಅವರನ್ನು ಪೋರ್ಚುಗಲ್ಲಿನ ಯೋಗ ಶಿಬಿರಕ್ಕೆ ಕರೆದೊಯ್ಯಬಹುದೇ?
— ಓದುಗರು, ಲಂಡನ್

ಉತ್ತರ: ನಿಮ್ಮ ತಾಯಿಯವರ ಬ್ರಿಟನ್ ವೀಸಾ ಪೋರ್ಚುಗಲ್ಲಿಗೆ ನಡೆಯುವುದಿಲ್ಲ, ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಬೇರೆ ಬೇಕು. ಅದಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ಲಂಡನ್ನಿಗೆ ಬಂದ ಮೇಲೆ ನೋಡೋಣ ಎನ್ನದೆ ಅವರು ಊರಿನಿಂದ ಹೊರಡುವ ಮೊದಲೇ ಅಲ್ಲಿಂದ ಅರ್ಜಿ ಹಾಕಿಸುವುದು ಸುಗಮ. ಆಗಸ್ಟಿನಲ್ಲಿ ಪೋರ್ಚುಗಲ್ಲಿನ ಒಳನಾಡಾದ ಅಲೆಂತೆಜುವಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು, ಹೋಗುವುದಾದರೆ ಕಡಲ ಗಾಳಿಯಿರುವ ಪಶ್ಚಿಮ ತೀರವನ್ನು ಆರಿಸಿಕೊಳ್ಳಿ, ಇಲ್ಲವೇ ಮೇ ಅಥವಾ ಸೆಪ್ಟೆಂಬರಿಗೆ ಬದಲಿಸಿಕೊಳ್ಳಿ.

ಇನ್ನೊಂದು ವಿಷಯವನ್ನೂ ಯೋಚಿಸಿ. ಅಮ್ಮನಿಗೆ ಇಂಗ್ಲಿಷಿನ ಸೂಚನೆಗಳು ಹಿಡಿಸುತ್ತವೆಯೇ, ಅಪರಿಚಿತರ ನಡುವೆ ಕೂತು ಊಟ ಮಾಡುವುದು ಅವರಿಗೆ ಇಷ್ಟವೇ? ಇಲ್ಲವೆಂದಾದರೆ ವೇಲ್ಸ್ ಅಥವಾ ಸ್ಕಾಟ್ಲೆಂಡಿನಲ್ಲಿ ವಾರಾಂತ್ಯದ ಸಣ್ಣ ಶಿಬಿರವನ್ನು ನೋಡಿ. ಅದಕ್ಕೆ ಬೇರೆ ವೀಸಾ ಬೇಡ, ಇಷ್ಟವಾಗದಿದ್ದರೆ ಮರುದಿನವೇ ಮನೆಗೆ ಮರಳಬಹುದು, ಕುರ್ಚಿಯ ಮೇಲೆ ಕೂತು ಮಾಡಿಸುವ ತರಗತಿಗಳಿವೆಯೇ ಎಂದು ಫೋನಿನಲ್ಲೇ ವಿಚಾರಿಸಬಹುದು.

ಪ್ರಶ್ನೆ: ನೇಪಾಳದ ಹತ್ತು ದಿನಗಳ ವಿಪಶ್ಯನ ಶಿಬಿರ ಉಚಿತವೆಂದು ಕೇಳಿದ್ದೇನೆ. ಯೋಗ ಶಿಬಿರಕ್ಕೆ ಹಣ ಕೊಡುವ ಬದಲು ಅಲ್ಲಿಗೇ ಹೋಗಬಹುದಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಹೋಗಬಹುದು, ಆದರೆ ಅದನ್ನು ಯೋಗ ಶಿಬಿರದ ಬದಲಿಗೆ ಎಂದು ತಿಳಿಯಬೇಡಿ. ಎಸ್.ಎನ್. ಗೋಯೆಂಕಾ ಪರಂಪರೆಯ ಆ ಶಿಬಿರಗಳಲ್ಲಿ ಶುಲ್ಕವಿಲ್ಲ, ದಾನದಿಂದ ನಡೆಯುತ್ತವೆ. ನಾಲ್ಕು ಗಂಟೆಗೆ ಏಳಬೇಕು, ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನಕ್ಕೆ ಕೂರಬೇಕು, ಮಾತು ಮತ್ತು ಮೊಬೈಲು ಎರಡೂ ಇಲ್ಲ, ಆಸನಗಳ ಅಭ್ಯಾಸವನ್ನು ಆ ದಿನಗಳ ಮಟ್ಟಿಗೆ ನಿಲ್ಲಿಸಲು ಅವರೇ ಹೇಳುತ್ತಾರೆ. ನಡುವೆ ಎದ್ದು ಬರುವುದು ಒಳ್ಳೆಯದಲ್ಲ, ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಇಂಥ ಕೇಂದ್ರ ಬೆಂಗಳೂರಿನ ಬಳಿಯೂ ಇರುವುದರಿಂದ ಮೊದಲ ಸಲ ಅಲ್ಲಿಯೇ ಕೂತು ನೋಡಿ. ನೇಪಾಳಕ್ಕೆ ಹೋಗುವುದಾದರೆ ಅಕ್ಟೋಬರ್–ನವೆಂಬರ್ ಅಥವಾ ಮಾರ್ಚ್ ಸರಿಯಾದ ಕಾಲ. ಶಿಬಿರ ಮುಗಿಸಿ ಪೋಖರಾದಲ್ಲಿ ಮೂರು ದಿನ ಆಸನಾಭ್ಯಾಸಕ್ಕೆ ಇಟ್ಟುಕೊಳ್ಳಿ. ನಮ್ಮವರಿಗೆ ಅಲ್ಲಿ ವೀಸಾ ಬೇಡವಾದರೂ ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿಯನ್ನು ಇಟ್ಟುಕೊಂಡಿರಬೇಕು. ಆಧಾರ್ ಕಾರ್ಡ್ ಒಂದನ್ನೇ ನೆಚ್ಚಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ.